ಬೋರು ಫೇಲಾದವನನ್ನ ನೋಡಿ ಯಾರೂ ನಗಲ್ಲ

"ಬಿಟ್ಟಿದ್ಯಲ್ಲೋ, ಮತ್ತೆ ಶುರು ಹಚ್ಕೊಂಡ್ಯಾ?"

ಈ ಒಂದು ವಾಕ್ಯದ ಮೇಲೆ ನನಗೆ ವಿಪರೀತ ಸಿಟ್ಟಿದೆ. ಇದನ್ನ ಹೇಳೋರು ಕೆಟ್ಟವರೇನಲ್ಲ. ಅಮ್ಮ ಹೇಳ್ತಾಳೆ, ಹೆಂಡತಿ ಹೇಳ್ತಾಳೆ, ಪಕ್ಕದ ಸೀಟಿನ ಗೆಳೆಯ ಹೇಳ್ತಾನೆ, ಕೆಲವು ಸಲ ಡಾಕ್ಟ್ರೂ ಹೇಳ್ತಾರೆ. ಹೇಳೋವಾಗ ತುಟಿಯ ಮೂಲೇಲಿ ಒಂದು ಸಣ್ಣ ನಗು ಇರುತ್ತೆ ನೋಡಿ, "ಇವನ ಕೈಲಿ ಆಗಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು" ಅನ್ನೋ ನಗು, ನನ್ನ ತಕರಾರು ಇರೋದು ಅದರ ಮೇಲೆ. ತಿಂಗಳುಗಟ್ಟಲೆ ಸಿಗರೇಟು ಮುಟ್ಟದೆ ಇದ್ದು ಒಂದು ರಾತ್ರಿ ಒಂದು ಹಚ್ಚಿದವನ ಕೈಲಿ ಎರಡನೇದನ್ನ ಹಚ್ಚಿಸೋದು ನಿಕೋಟಿನ್ ಒಂದೇ ಅಲ್ಲ. ಈ ನಗುವಿನ ಪಾಲೂ ಅದರಲ್ಲಿದೆ.

ನಮ್ಮೂರು ನರಸಾಪುರ. ಕೋಲಾರ ಹೈವೇಲಿ ಹೋಗೋರಿಗೆಲ್ಲ ಈಗ ಗೊತ್ತಿರೋ ಹೆಸರು. ನಾನು ಹೈಸ್ಕೂಲಲ್ಲಿದ್ದಾಗ ಅಲ್ಲಿ ಇದ್ದಿದ್ದು ರಾಗಿ, ಟೊಮೆಟೊ, ಹಿಪ್ಪುನೇರಳೆ ಮತ್ತು ಖಾಲಿ ಕೆರೆ. ಆಮೇಲೆ ಇಂಡಸ್ಟ್ರಿಯಲ್ ಏರಿಯಾ ಬಂತು. 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯ್ತು, ಆಮೇಲೆ ಐಫೋನ್ ಜೋಡಿಸೋ ಕಾರ್ಖಾನೆ ಬಂತು. ಈಗ ಮೂರು ಪಾಳೀಲೂ ಬಸ್ಸುಗಳು ಸಾಲುಗಟ್ಟಿ ಓಡಾಡ್ತವೆ. ಅಲ್ಲಿನ ಒಂದು ಕಂಪನೀಲಿ, ಯಾವುದು ಅನ್ನೋದು ಬೇಡ, ನಮ್ಮ ಚಿಕ್ಕಪ್ಪನ ಮಗ ಕೆಲಸ ಮಾಡ್ತಾನೆ. ಐಟಿಐ ಓದಿದ್ದಾನೆ, ವಯಸ್ಸು ಇಪ್ಪತ್ತೇಳು. ಮಗಳು ಹುಟ್ಟಿದ ದಿನ ಸಿಗರೇಟು ಬಿಟ್ಟ. ಐದು ತಿಂಗಳು ಒಂದೂ ಮುಟ್ಟಲಿಲ್ಲ. ನೈಟ್ ಶಿಫ್ಟಲ್ಲಿ ಐದು ತಿಂಗಳು ಅಂದ್ರೆ ಸುಮ್ನೆ ಅಲ್ಲ, ಬೆಳಗಿನ ಜಾವ ಮೂರು ಗಂಟೇಲಿ ಕಣ್ಣು ಎಳೀತಿರೋವಾಗ ಎದುರಿಗೆ ನಿಂತು ಸೇದೋರನ್ನ ನೋಡ್ಕೊಂಡು ಬರೀ ಟೀ ಕುಡಿದು ವಾಪಸ್ ಹೋದವರಿಗೇ ಅದು ಗೊತ್ತು.

ಒಂದು ರಾತ್ರಿ ಲೈನ್ ಮೇಲೆ ಏನೋ ಗಲಾಟೆ. ಎಲ್ಲರ ಮುಂದೆ ಬೈಸಿಕೊಂಡು ಹೊರಗೆ ಬಂದು ಒಂದು ಹಚ್ಚಿದ. ಒಂದೇ. ಬೆಳಿಗ್ಗೆ ಮನೇಲಿ ಅಂಗಿಯ ವಾಸನೆಗೆ ಸಿಕ್ಕಿಬಿದ್ದ. ಚಿಕ್ಕಮ್ಮ ಕನ್ನಡ ತೆಲುಗು ಎರಡೂ ಬೆರೆಸಿ ಬೈದಳು. ಹೆಂಡತಿ ಮಾತು ಬಿಟ್ಟಳು. ಸಂಜೆ ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು, ಮೂವತ್ತು ವರ್ಷದಿಂದ ಬೀಡಿ ಸೇದೋರು, "ನಾನು ಹೇಳ್ಲಿಲ್ವಾ, ಇದೆಲ್ಲ ಬಿಡೋಕಾಗಲ್ಲ ಕಣಪ್ಪ" ಅಂತ ಸಮಾಧಾನ ಹೇಳಿದರು. ವಾರದಲ್ಲಿ ದಿನಕ್ಕೆ ಒಂದು ಪ್ಯಾಕು. ಫೋನ್ ಮಾಡಿ ಕೇಳಿದ್ರೆ ಅವನು ಹೇಳಿದ್ದು ಇಷ್ಟು: "ಹೆಂಗಿದ್ರೂ ಕೆಟ್ಟೋಯ್ತಲ್ಲಣ್ಣ. ವ್ರತ ಕೆಟ್ಟ ಮೇಲೆ ಇನ್ನೇನು ಉಳಿಯುತ್ತೆ?"

ವ್ರತ. ಸಮಸ್ಯೆ ಇರೋದೇ ಈ ಪದದಲ್ಲಿ.

ನಾವು ಸಿಗರೇಟು ಬಿಡೋದನ್ನ ವ್ರತದ ಲೆಕ್ಕಕ್ಕೆ ಹಾಕಿದ್ದೀವಿ. ಏಕಾದಶಿ ದಿನ ಮಧ್ಯಾಹ್ನ ಒಂದು ತುತ್ತು ಅನ್ನ ತಿಂದ್ರೆ ಅವತ್ತಿನ ಉಪವಾಸ ಹೋಯ್ತು, ಸಂಜೆವರೆಗೂ ಹಸಿದಿರೋಕೆ ಅರ್ಥ ಇಲ್ಲ, ಇನ್ನೊಂದು ತಟ್ಟೆ ಹಾಕ್ಕೊಂಡ್ರೂ ಒಂದೇ. ದೇವರ ಜೊತೆಗಿನ ಲೆಕ್ಕ ಹಂಗಿರಬಹುದು. ಶ್ವಾಸಕೋಶದ ಲೆಕ್ಕ ಹಂಗಿಲ್ಲ. ಐದು ತಿಂಗಳಲ್ಲಿ ದಿನಕ್ಕೆ ಹತ್ತರಂತೆ ಸಾವಿರದ ಐನೂರು ಸಿಗರೇಟು ಅವನು ಸೇದಲಿಲ್ಲ. ಒಂದು ಸೇದಿದ. ಸಾವಿರದ ಐನೂರರಲ್ಲಿ ಒಂದನ್ನ ಕಳೆದ್ರೆ ಎಷ್ಟು ಉಳಿಯುತ್ತೆ ಅಂತ ಎರಡನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಸೊನ್ನೆ ಅಂತೂ ಅಲ್ಲ.

ಇದನ್ನ ಮೊದಲು ಗಟ್ಟಿಯಾಗಿ ಹೇಳಿದೋರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಒಬ್ಬರು. 1985ರಲ್ಲಿ ಜುಡಿತ್ ಗಾರ್ಡನ್ ಜೊತೆ ಸೇರಿ ತಂದ ಪುಸ್ತಕದಲ್ಲಿ ಅವರು ಎಡವೋದು ಬೇರೆ, ಬಿದ್ದೇ ಹೋಗೋದು ಬೇರೆ ಅಂತ ಎರಡನ್ನೂ ಬಿಡಿಸಿ ತೋರಿಸಿದರು. ಎಡವಿದವನನ್ನ ಪೂರ್ತಿ ಬೀಳಿಸೋದರಲ್ಲಿ ದೊಡ್ಡ ಪಾಲು ಎಡವಿದ ಮೇಲೆ ಅವನು ತನ್ನ ಬಗ್ಗೆ ಅಂದುಕೊಳ್ಳೋ ಮಾತಿನದ್ದು. "ನಾನೇ ದುರ್ಬಲ, ನನ್ನ ಹಣೆಬರಹವೇ ಇಷ್ಟು" ಅಂತ ಅಂದುಕೊಂಡವನು ಎರಡನೇದು ಹಚ್ತಾನೆ. "ನೈಟ್ ಶಿಫ್ಟು, ಬೈಗುಳ, ಎದುರಿಗೇ ಅಂಗಡಿ, ಇವಿಷ್ಟೂ ಸೇರಿದಾಗ ಎಡವಿದೆ" ಅಂತ ಲೆಕ್ಕ ಹಾಕಿದವನು ಎದ್ದು ನಿಲ್ಲೋ ಸಾಧ್ಯತೆ ಜಾಸ್ತಿ. ಮಾರ್ಲಾಟ್ ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿಟ್ಟರು. ಕನ್ನಡದಲ್ಲಿ ನಮಗೆ ಹೆಸರು ಹುಡುಕೋ ಕಷ್ಟವೇ ಇಲ್ಲ, ವ್ರತಭಂಗ ಅಂತ ಇದ್ದೇ ಇದೆ.

"ಹಾಗಾದ್ರೆ ಆಗಾಗ ಒಂದು ಸೇದಿದ್ರೆ ಪರವಾಗಿಲ್ಲ ಅಂತೀಯಾ?" ಅಂತ ಯಾರೋ ಕೇಳೇ ಕೇಳ್ತಾರೆ. ಇಲ್ಲ. ಬಿಟ್ಟವನಿಗೆ "ಒಂದೇ ಅಲ್ವಾ" ಅನ್ನೋದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ, ಒಂದು ಸೇದಿದೋರಲ್ಲಿ ಬಹಳಷ್ಟು ಜನ ಹಳೇ ಲೆಕ್ಕಕ್ಕೇ ವಾಪಸ್ ಹೋಗ್ತಾರೆ. ಆ ಸಿಗರೇಟು ಹಚ್ಚೋ ಮುಂಚಿನ ನಿಮಿಷದಲ್ಲಿ ಎಷ್ಟು ಕಠಿಣವಾಗಿದ್ರೂ ಕಮ್ಮಿಯೇ. ನಾನು ಕೇಳ್ತಿರೋದು ಹಚ್ಚಿ ಆರಿಸಿದ ನಂತರದ ನಿಮಿಷದ ಬಗ್ಗೆ. ನಾವು ಮಾಡ್ತಿರೋದು ತಲೆಕೆಳಗಾಗಿದೆ. ಮುಂಚಿನ ನಿಮಿಷದಲ್ಲಿ "ಬಾರೋ, ಒಂದು ದಮ್ ಎಳಿ, ಏನಾಗಲ್ಲ" ಅಂತ ಸಡಿಲ ಬಿಡ್ತೀವಿ. ನಂತರದ ನಿಮಿಷದಲ್ಲಿ ಜಡ್ಜ್ ಆಗಿಬಿಡ್ತೀವಿ.

ವಿಲ್ ಪವರ್ ಭಕ್ತರ ವಿಷಯಕ್ಕೆ ಬರ್ತೀನಿ. ಪ್ರತಿ ಆಫೀಸಲ್ಲೂ ಒಬ್ಬ ಇರ್ತಾನೆ. "ನಾನು ಹನ್ನೆರಡು ವರ್ಷ ಸೇದಿದೋನು, ಒಂದು ದಿನ ಬೆಳಿಗ್ಗೆ ಎದ್ದು ಡಿಸೈಡ್ ಮಾಡ್ದೆ, ಅಷ್ಟೇ, ಕಸದ ಬುಟ್ಟಿಗೆ ಹಾಕ್ದೆ." ಅವನಿಗೆ ನಮಸ್ಕಾರ. ಅವನು ಸುಳ್ಳು ಹೇಳ್ತಿಲ್ಲ, ಆದರೆ ಅವನ ಕಥೆ ನಮ್ಮ ಕಿವಿಗೆ ಬೀಳೋದೇ ಅವನು ಗೆದ್ದಿದ್ದಕ್ಕೆ. ಅದೇ ದಿನ ಬೆಳಿಗ್ಗೆ ಎದ್ದು ಡಿಸೈಡ್ ಮಾಡಿದ ಉಳಿದವರೆಲ್ಲ ಎಲ್ಲಿ? ಯಾವ ಸಹಾಯವೂ ಇಲ್ಲದೆ ಬರೀ ನಿರ್ಧಾರದ ಮೇಲೆ ಬಿಡೋರಲ್ಲಿ ಆರು ತಿಂಗಳು, ವರ್ಷ ದಾಟೋರು ನೂರಕ್ಕೆ 3ರಿಂದ 5 ಜನ ಅಂತ ಇಷ್ಟು ವರ್ಷಗಳ ಅಧ್ಯಯನಗಳು ಹೇಳ್ತಾ ಬಂದಿವೆ. ಡೇಟಾ ನೋಡದೆ ಒಂದು ಸಾಲು ಕೋಡನ್ನೂ ಪ್ರೊಡಕ್ಷನ್‌ಗೆ ಬಿಡದ ಜನ ನಾವು, ಈ ವಿಷಯಕ್ಕೆ ಮಾತ್ರ ಗೆದ್ದವನೊಬ್ಬನ ಮಾತು ಸಾಕು ನಮಗೆ!

ಎಷ್ಟು ಸಲ ಪ್ರಯತ್ನ ಮಾಡಬೇಕಾಗುತ್ತೆ? ಮೊದಲೆಲ್ಲ ಐದು, ಏಳು ಅಂತ ಹೇಳ್ತಿದ್ರು. ಕೆನಡಾದ ಟೊರಾಂಟೊದ ಸಂಶೋಧಕರು ಸೇದೋರನ್ನ ವರ್ಷಗಟ್ಟಲೆ ಹಿಂಬಾಲಿಸಿ ಲೆಕ್ಕ ಹಾಕಿ 2016ರಲ್ಲಿ ಪ್ರಕಟಿಸಿದ ಅಂದಾಜು ಬೇರೆಯೇ ಇದೆ. ಮರೆತುಹೋದ ಸಣ್ಣಪುಟ್ಟ ಪ್ರಯತ್ನಗಳನ್ನೂ ಸೇರಿಸಿದ್ರೆ 30 ಸಲ, ಅಥವಾ ಅದಕ್ಕೂ ಹೆಚ್ಚು. ಮೊದಲ ಸಲ ಓದಿದಾಗ ಇದು ನಿರಾಶೆಯ ಸುದ್ದಿ ಅನಿಸುತ್ತೆ. ನನಗೆ ಹಂಗನ್ನಿಸಲಿಲ್ಲ. ಎರಡನೇ ಸಲವೋ ಮೂರನೇ ಸಲವೋ ಕೂತು ಅಳ್ತಿರೋನಿಗೆ "ನೀನಿನ್ನೂ ಶುರುವಿನಲ್ಲೇ ಇದ್ದೀಯ ಮಾರಾಯ, ಎಲ್ಲರೂ ಹಿಂಗೇ" ಅಂತ ಹೇಳೋ ಸುದ್ದಿ ಅದು. ನಾನೇ ನಾಲ್ಕನೇ ಸಲದಲ್ಲಿ ಬಿಟ್ಟು ಎರಡು ವರ್ಷ ಆಯ್ತು. ನಾಲ್ಕು ಅಂದ್ರೆ ಅದೃಷ್ಟ ಅಂತಲೇ ನನ್ನ ಲೆಕ್ಕ.

ನಮ್ಮ ಕಡೆಯವರಿಗೆ ಇದು ಬೇಗ ಅರ್ಥ ಆಗಬೇಕು, ಯಾಕಂದ್ರೆ ಬೋರು ಕೊರೆಸಿ ಗೊತ್ತಿರೋ ಜನ ನಾವು. ಕೋಲಾರ ಜಿಲ್ಲೇಲಿ ಸಾವಿರದ ಇನ್ನೂರು, ಸಾವಿರದ ಐನೂರು ಅಡಿ ಇಳಿದ ಮೇಲೂ ನೀರಿನ ಬದಲು ಬಿಳೀ ಧೂಳು ಎದ್ದಿದ್ದನ್ನ ನೋಡದ ಮನೆ ಇಲ್ಲ. ಪಾಯಿಂಟ್ ನೋಡೋರನ್ನ ಕರೆಸಿ, ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತು, ಪೂಜೆ ಮಾಡಿ, ರಾತ್ರಿಯೆಲ್ಲ ಬೋರ್ ಲಾರಿ ಸದ್ದು ಕೇಳಿ, ಬೆಳಿಗ್ಗೆ ನೋಡಿದ್ರೆ ಧೂಳು. ಆಗ ಊರಲ್ಲಿ ಯಾರಾದ್ರೂ ಆ ರೈತನಿಗೆ "ನಿಂಗೆ ವಿಲ್ ಪವರ್ ಇಲ್ಲ" ಅಂತಾರಾ? "ನಾನು ಹೇಳ್ಲಿಲ್ವಾ" ಅಂತ ನಗ್ತಾರಾ? ಇಲ್ಲ. "ಪಾಯಿಂಟ್ ಸರಿಹೋಗ್ಲಿಲ್ಲ ಬಿಡಪ್ಪ" ಅಂತಾರೆ. ಸಾಲ ಎಷ್ಟಾಯ್ತು ಅಂತ ಕೇಳ್ತಾರೆ. ಮುಂದಿನ ಸಲ ಆ ಮೂಲೇಲಿ ನೋಡು, ಇಷ್ಟು ಅಡಿಗೆ ಕಲ್ಲು ಸಿಗುತ್ತೆ, ಅಷ್ಟು ಅಡಿಗೆ ಕೇಸಿಂಗ್ ಇಳಿಸು ಅಂತ ತಾವು ಕೊರೆಸಿದಾಗ ಕಲಿತದ್ದನ್ನ ಹೇಳ್ತಾರೆ. ಅವನೂ ಮತ್ತೆ ಅದೇ ತೂತಿನಲ್ಲಿ ಕೊರೆಸಲ್ಲ, ಜಾಗ ಬದಲಾಯಿಸ್ತಾನೆ. (ಕೊರೆಸಿ ಕೊರೆಸಿ ಹೊಲ ಮಾರಿದವರ ಕಥೆ ಬೇರೆ, ಅದರ ಬಗ್ಗೆ ಇನ್ನೊಮ್ಮೆ ಬರೀಬೇಕು.)

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರದ ಕೆರೆಗಳಿಗೆ ಬರೋಕೆ ಶುರುವಾಯ್ತು. ಬೆಂಗಳೂರಿನ ಚರಂಡಿ ನೀರನ್ನ ಎರಡು ಹಂತ ಶುದ್ಧ ಮಾಡಿ ಪೈಪಲ್ಲಿ ಕಳಿಸೋದು. ಆ ನೀರಿನ ಬಗ್ಗೆ ನಮ್ಮವರಿಗೆ ನೂರು ಅನುಮಾನ, ಅವು ನ್ಯಾಯವೂ ಹೌದು. ಆದರೆ ಕೆರೆ ತುಂಬಿದ ಕಡೆ ಸುತ್ತಮುತ್ತ ಅಂತರ್ಜಲ ಮೇಲೆ ಬಂತು. ಒಣಗಿ ಕೂತಿದ್ದ ಬೋರುಗಳಲ್ಲಿ ಮತ್ತೆ ನೀರು ಬಂದಾಗ, ಆ ರೈತನ ಮನೋಬಲ ದಿಢೀರಂತ ಜಾಸ್ತಿಯಾಯ್ತು ಅಂತ ಯಾರೂ ಅನ್ನಲಿಲ್ಲ. ಪಕ್ಕದ ಕೆರೆ ತುಂಬಿತ್ತು, ಅಷ್ಟೇ.

ಸಿಗರೇಟಿಗೂ ಪಕ್ಕದ ಕೆರೆ ಇರುತ್ತೆ. ನಂಬಿಕೆ ಬರದಿದ್ರೆ ಅಯ್ಯಪ್ಪ ಮಾಲೆ ಹಾಕಿದೋರನ್ನ ನೋಡಿ. ದಿನಕ್ಕೆ ಎರಡು ಪ್ಯಾಕ್ ಸೇದೋ ಡ್ರೈವರಣ್ಣ ಕಪ್ಪು ಪಂಚೆ ಉಟ್ಟ ದಿನದಿಂದ ನಲವತ್ತು ಚಿಲ್ಲರೆ ದಿನ ಒಂದೂ ಮುಟ್ಟಲ್ಲ. (ಕದ್ದು ಸೇದೋ ಸ್ವಾಮಿಗಳೂ ಇದ್ದಾರೆ, ಅವರ ಮಾತು ಬಿಡಿ.) ಭಕ್ತಿ ಇರುತ್ತೆ, ನಾನು ಇಲ್ಲ ಅನ್ನಲ್ಲ. ಅದರ ಜೊತೆಗೆ ಇನ್ನೇನೇನಿದೆ ಗಮನಿಸಿ. ಬೀದಿಯೆಲ್ಲ ಅವನನ್ನ "ಸ್ವಾಮಿ" ಅಂತ ಕರೀತಾರೆ. ಪೆಟ್ಟಿಗೆ ಅಂಗಡಿಯವನು ಕೇಳಿದ್ರೂ ಕೊಡಲ್ಲ. ಗೆಳೆಯರು ಎದುರಿಗೆ ಹಚ್ಚೋದಿಲ್ಲ. ಬೆಳಗಿನ ಜಾವ ತಣ್ಣೀರು ಸ್ನಾನ, ಸಂಜೆ ಭಜನೆ, ಅಂದ್ರೆ ಸೇದೋ ಹೊತ್ತಿಗೆಲ್ಲ ಮಾಡೋಕೆ ಬೇರೆ ಕೆಲಸ. ಜೊತೆಗೆ ಹತ್ತು ಜನ ಅದನ್ನೇ ಮಾಡ್ತಿರ್ತಾರೆ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆ ಅದೇ ಗೆಳೆಯ ಅದೇ ಅಂಗಡಿ ಮುಂದೆ ಪ್ಯಾಕ್ ಚಾಚ್ತಾನೆ, "ಎಷ್ಟು ದಿನ ಆಯ್ತು ಸ್ವಾಮಿ!" ಡ್ರೈವರಣ್ಣನ ಮನೋಬಲ ಬೆಳಿಗ್ಗೆಯಿಂದ ಸಂಜೆಗೆ ಕರಗಿಹೋಯ್ತಾ? ಅವನ ಸುತ್ತ ಇದ್ದ ಬೀದಿ ಬದಲಾಯ್ತು.

ಮೆದುಳಿನ ಕಡೆ ನೋಡಿದ್ರೂ ಇದೇ. ಒಂದು ದಮ್ಮು ಎಳೆದ ಹತ್ತಿಪ್ಪತ್ತು ಸೆಕೆಂಡಲ್ಲಿ ನಿಕೋಟಿನ್ ಮೆದುಳಿಗೆ ಮುಟ್ಟುತ್ತೆ. ಎರಡು ಗಂಟೇಲಿ ರಕ್ತದಲ್ಲಿನ ಪ್ರಮಾಣ ಅರ್ಧ ಆಗುತ್ತೆ, ಅದಕ್ಕೇ ಎರಡು ಗಂಟೆಯ ಮೀಟಿಂಗ್ ಮುಗಿಯೋ ಹೊತ್ತಿಗೆ ಕಾಲು ಕುಣಿಯೋಕೆ ಶುರು. ಬಿಟ್ಟ ಮೇಲೆ ಮೊದಲ ಎರಡು ಮೂರು ದಿನ ತೀರಾ ಕಷ್ಟ, ಎರಡರಿಂದ ನಾಲ್ಕು ವಾರದಲ್ಲಿ ದೇಹದ ಕಿರಿಕಿರಿ ಬಹುಪಾಲು ಇಳಿಯುತ್ತೆ. ಆದರೆ ಟೀ ಲೋಟ, ಮಳೆ, ಫೋನ್ ಕಾಲ್, ಬೈಗುಳ, ಬಸ್ಸಿಗೆ ಕಾಯೋದು ಇವಕ್ಕೆಲ್ಲ ಮೆದುಳು ಕಟ್ಟಿಟ್ಟ ಗಂಟು ಅಷ್ಟು ಬೇಗ ಬಿಚ್ಚಲ್ಲ. ತಿಂಗಳುಗಳ ನಂತರವೂ ಒಂದು ಟ್ರಿಗರ್ ಸಾಕು. ಹಳೇ ಕೋಡಲ್ಲಿ ಎಲ್ಲೋ ಕೂತಿರೋ ಕ್ರಾನ್ ಜಾಬ್ ಥರ, ಯಾರೂ ಮುಟ್ಟದಿದ್ರೂ ಮೂರು ಗಂಟೆಗೆ ಎದ್ದು ಓಡುತ್ತೆ.

ನಮ್ಮ ಫೀಲ್ಡಿನವರಿಗೆ ಇನ್ನೊಂದು ಮಾತು. ರಾತ್ರಿ ಎರಡು ಗಂಟೆಗೆ ಸರ್ವರ್ ಬಿತ್ತು ಅನ್ಕೊಳಿ. ಬೆಳಿಗ್ಗೆ ಏನು ಮಾಡ್ತೀವಿ? ಯಾರನ್ನೂ ದೂರದೆ ಪೋಸ್ಟ್‌ಮಾರ್ಟಮ್ ಮಾಡ್ತೀವಿ. ಎಷ್ಟು ಹೊತ್ತಿಗೆ ಆಯ್ತು, ಅದಕ್ಕೂ ಮುಂಚೆ ಏನೇನಾಗಿತ್ತು, ಯಾವ ಅಲರ್ಟ್ ಬರಬೇಕಿತ್ತು ಬರಲಿಲ್ಲ, ಮುಂದೆ ಏನು ಬದಲಾಯಿಸೋಣ. ಬಟನ್ ಒತ್ತಿದವನನ್ನ ಬೈದ್ರೆ ಮುಂದಿನ ಸಲ ಅವನು ಮುಚ್ಚಿಡ್ತಾನೆ, ಸಿಸ್ಟಮ್ ಹಂಗೇ ಉಳಿಯುತ್ತೆ ಅಂತ ನಮಗೆಲ್ಲ ಗೊತ್ತು. ಅದರ ಮೇಲೆ ಸ್ಲೈಡ್ ಮಾಡ್ತೀವಿ, ಭಾಷಣ ಮಾಡ್ತೀವಿ. ಅದೇ ಎಂಜಿನಿಯರು ಸಂಜೆ ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು ತನಗೆ ತಾನೇ "ಥೂ, ನಿನ್ನ ಯೋಗ್ಯತೆಗೆ" ಅಂತ ಬೈಕೊಳ್ತಾನೆ. ಬೈಸಿಕೊಂಡವನು ಮುಚ್ಚಿಡ್ತಾನೆ ಅನ್ನೋದು ಇಲ್ಲೂ ನಿಜ. ಬಾಯಿಗೆ ಏಲಕ್ಕಿ, ಅಂಗಿಗೆ ಡಿಯೋಡರೆಂಟ್, ಮನೆಗೆ ಹತ್ತು ನಿಮಿಷ ತಡವಾಗಿ. ಮುಚ್ಚಿಟ್ಟು ಸೇದೋನಿಗೆ ಸಹಾಯ ಮಾಡೋರು ಯಾರು?

ನಮ್ಮ ಚಿಕ್ಕಪ್ಪನ ಮಗನ ಜೊತೆ ಫೋನಲ್ಲೇ ಪೋಸ್ಟ್‌ಮಾರ್ಟಮ್ ಮಾಡಿದ್ವಿ. ಎಷ್ಟು ಗಂಟೆಗೆ? ಮೂರಕ್ಕೆ. ಊಟ? ಹನ್ನೊಂದಕ್ಕೆ ಮಾಡಿದ್ದು, ಹಸಿವಾಗಿತ್ತು. ಯಾರ ಜೊತೆ? ಒಬ್ಬನೇ. ಪ್ಯಾಕ್ ತಗೊಂಡ್ಯಾ? ಇಲ್ಲಣ್ಣ, ಬಿಡಿ. ಆ ಕೊನೇ ಉತ್ತರದಲ್ಲೇ ಕಥೆಯೆಲ್ಲ ಇದೆ.

ಕನ್ನಡದಲ್ಲಿ ಇದೊಂದು ತಮಾಷೆ. ಎಲ್ಲರೂ "ಬಿಡಿ, ಬಿಡಿ" ಅಂತಾರೆ, ಅಂಗಡೀಲಿ ಮಾರೋದೂ "ಬಿಡಿ"ಯೇ. ಪೂರ್ತಿ ಪ್ಯಾಕ್ ಕೊಳ್ಳಬೇಕು ಅಂದಿದ್ರೆ ಅವನು ಅವತ್ತು ಎರಡು ಸಲ ಯೋಚನೆ ಮಾಡ್ತಿದ್ದ. ಎರಡು ನೋಟು ಕೊಟ್ಟು ಒಂದು ತಗೊಂಡು, ಹಗ್ಗಕ್ಕೆ ಕಟ್ಟಿ ನೇತು ಹಾಕಿರೋ ಲೈಟರಲ್ಲಿ ಹಚ್ಚೋದಕ್ಕೆ ಯೋಚನೆಯೇ ಬೇಡ. ಬಿಡಿ ಸಿಗರೇಟಿನ ಮೇಲೆ ಚಿತ್ರದ ಎಚ್ಚರಿಕೆಯೂ ಇರಲ್ಲ. 2016ರಿಂದ ಪ್ಯಾಕಿನ ಶೇ 85ರಷ್ಟು ಜಾಗದಲ್ಲಿ ಚಿತ್ರ ಹಾಕಿಸೋಕೆ ಸುಪ್ರೀಂ ಕೋರ್ಟ್ ತನಕ ಹೊಡೆದಾಡಿದ್ದಾಯ್ತು. ನಮ್ಮ ಹೈಕೋರ್ಟ್ 2017ರ ಡಿಸೆಂಬರಲ್ಲಿ ಆ ನಿಯಮವನ್ನ ರದ್ದು ಮಾಡಿತ್ತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಇಷ್ಟೆಲ್ಲ ಆದ ಮೇಲೆ ಆ ಚಿತ್ರವನ್ನ ನೋಡೋದು ಅಂಗಡಿಯವನೊಬ್ಬನೇ, ಸೇದೋನ ಕೈಗೆ ಬರೋದು ಬಿಳೀ ಕಡ್ಡಿ.

ಕಾನೂನು ಇಲ್ಲ ಅಂತಲ್ಲ. 2003ರ ಕೇಂದ್ರದ ಕಾಯ್ದೆಗೆ ಕರ್ನಾಟಕ ತಿದ್ದುಪಡಿ ತಂತು, 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಬಿಡಿ ಮಾರಾಟ ನಿಷೇಧ, ಕೊಳ್ಳೋ ವಯಸ್ಸು 18ರಿಂದ 21ಕ್ಕೆ, ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ ದಂಡ 200ರಿಂದ 1000 ರೂಪಾಯಿಗೆ, ಹುಕ್ಕಾ ಬಾರ್ ಬಂದ್. ಪತ್ರಿಕೆಗಳಲ್ಲಿ ದೊಡ್ಡ ಹೆಡ್ಡಿಂಗ್ ಬಂತು. ನಿಮ್ಮ ಆಫೀಸಿನ ಗೇಟಿನ ಎದುರಿಗೆ ಹೋಗಿ ನೋಡಿ, ಬಿಡಿ ಸಿಗುತ್ತಾ ಇಲ್ವಾ ಅಂತ. ದಂಡ ಬಿದ್ದರೆ ಬೀಳೋದು ಸೇದೋನ ಮೇಲೆ. ಅವನನ್ನ ಸೇದೋ ಹಾಗೆ ನಿಲ್ಲಿಸಿರೋ ವ್ಯವಸ್ಥೆ ಪಕ್ಕದಲ್ಲೇ ಛತ್ರಿ ಬಿಡಿಸ್ಕೊಂಡು ಕೂತಿರುತ್ತೆ. ನಾನು ಆ ಅಂಗಡಿಯವರನ್ನ ದೂರ್ತಿಲ್ಲ, ಅವರಿಗೂ ಹೊಟ್ಟೆಪಾಡು, ಸಿಗರೇಟಿಗೆ ಬಂದವನು ಟೀ ಬನ್ನೂ ತಗೊಳ್ತಾನೆ ಅನ್ನೋ ಲೆಕ್ಕ. ದೂರ್ತಿರೋದು ಇನ್ನೂ ಮೇಲಿನವರನ್ನ. ಸರ್ಕಾರಿ ಎಲ್‌ಐಸಿ ಟರ್ಮ್ ಪಾಲಿಸಿ ಮಾಡಿಸೋಕೆ ಹೋದ್ರೆ "ಸಿಗರೇಟು ಸೇದ್ತೀರಾ?" ಅಂತ ಕೇಳುತ್ತೆ, ಹೌದು ಅಂದ್ರೆ ಪ್ರೀಮಿಯಂ ಜಾಸ್ತಿ. ಸರಿ, ಸಾಯೋ ಸಾಧ್ಯತೆ ಹೆಚ್ಚು, ಲೆಕ್ಕ ನ್ಯಾಯವಾಗೇ ಇದೆ. ಅದೇ ಎಲ್‌ಐಸಿ ಹತ್ತಿರ ದೇಶದ ಅತಿ ದೊಡ್ಡ ಸಿಗರೇಟು ಕಂಪನಿ ಐಟಿಸಿಯ ಸುಮಾರು ಶೇ 15ರಷ್ಟು ಷೇರಿದೆ. ನೀವು ಸೇದಿದ್ರೂ ಲಾಭ, ಸೇದ್ತೀನಿ ಅಂತ ಒಪ್ಕೊಂಡ್ರೂ ಲಾಭ. ಆಮೇಲೆ ಮೇ 31ಕ್ಕೆ ಬ್ಯಾನರ್ ಕಟ್ಟಿ ನಮಗೆ ಮನೋಬಲದ ಪಾಠ!

ಇನ್ನು ನಮ್ಮ ಐಟಿ ಕಂಪನಿಗಳು. ಒಳಗೆ ಸೇದೋಕೆ ಇಲ್ಲ, ಸಂತೋಷ. ಆದರೆ ಪಾರ್ಕಿಂಗ್ ಹಿಂದಿನ ಮೂಲೆಗೆ ಹೋಗಿ ನೋಡಿ. ಮ್ಯಾನೇಜರು, ಆರ್ಕಿಟೆಕ್ಟು, ಕ್ಲೈಂಟ್ ಕಡೆಯವನು ಎಲ್ಲ ಅಲ್ಲಿ. ಯಾರಿಗೆ ಆನ್‌ಸೈಟು, ಯಾವ ಪ್ರಾಜೆಕ್ಟ್ ಮುಚ್ತಾರೆ, ಯಾರ ರೇಟಿಂಗ್ ಏನು, ಎಲ್ಲ ಅಲ್ಲೇ ಮೊದಲು ಗೊತ್ತಾಗೋದು. ಸಿಗರೇಟು ಬಿಟ್ಟವನು ಆ ಸರ್ಕಲ್ಲನ್ನೂ ಬಿಡಬೇಕಾಗುತ್ತೆ. ಊರಿಂದ ಬಂದು ಕಷ್ಟಪಟ್ಟು ಇಂಗ್ಲಿಷ್ ಮಾತಾಡ್ತಿದ್ದ ನನ್ನಂಥವರಿಗೆ ಮೀಟಿಂಗ್ ರೂಮಲ್ಲಿ ಬಾಯಿ ಬರ್ತಿರಲಿಲ್ಲ, ಆ ಮೂಲೇಲಿ ಬೆಂಕಿಪೊಟ್ಟಣ ಕೇಳೋ ನೆಪದಲ್ಲಿ ದೊಡ್ಡವರ ಜೊತೆ ನಾಲ್ಕು ಮಾತು ಬರ್ತಿತ್ತು. ಇದರ ಬೆಲೆ ಎಷ್ಟು ಅಂತ ವಿಲ್ ಪವರ್ ಭಕ್ತರಿಗೆ ಗೊತ್ತಿಲ್ಲ. ಟೀಮಿನ ಮಾತುಕತೆಯನ್ನ ಆ ಮೂಲೆಯಿಂದ ಎತ್ತಿ ಬೇರೆ ಕಡೆ ತರಬೇಕಾದ್ದು ಮ್ಯಾನೇಜರುಗಳ ಕೆಲಸ, ಎಚ್‌ಆರ್ ಕಳಿಸೋ ವೆಲ್‌ನೆಸ್ ಮೇಲ್‌ನಿಂದ ಆಗೋದಲ್ಲ.

ಇಲ್ಲಿ ವೇಪ್ ಸೇದಿ ಬಿಡ್ತೀನಿ ಅನ್ನೋರಿಗೆ ಒಂದೇ ಸಾಲು: ಕರ್ನಾಟಕ 2016ರಲ್ಲೇ, ಕೇಂದ್ರ 2019ರಲ್ಲಿ ಅದನ್ನ ನಿಷೇಧಿಸಿವೆ, ಕಳ್ಳಮಾಲಲ್ಲಿ ಏನಿದೆ ಅಂತ ಮಾರೋನಿಗೂ ಗೊತ್ತಿರಲ್ಲ.

ಹಾಗಾದ್ರೆ ಎಡವಿದವನು ಏನು ಮಾಡಬೇಕು? ವ್ರತದ ಪದ ಬಿಟ್ಟು ಚಿಕಿತ್ಸೆಯ ಪದ ಹಿಡೀಬೇಕು. ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈನಲ್ಲಿ ತಂಬಾಕು ಬಿಡಿಸೋದರ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ನಿಕೋಟಿನ್ ಗಮ್ ಮತ್ತು ಪ್ಯಾಚು, ವರೆನಿಕ್ಲಿನ್, ಬ್ಯುಪ್ರೊಪಿಯಾನ್, ಸೈಟಿಸಿನ್ ಇಷ್ಟೂ ಅದರಲ್ಲಿವೆ, ಜೊತೆಗೆ ಮಾತಿನ ಸಹಾಯ. ನಮ್ಮ ದೇಶದ 2022ರ ಅಗತ್ಯ ಔಷಧಿಗಳ ಪಟ್ಟೀಲೂ ನಿಕೋಟಿನ್ ಬದಲಿ ಚಿಕಿತ್ಸೆ ಸೇರಿದೆ. ಬಿಪಿಗೆ ಮಾತ್ರೆ ತಗೊಳ್ಳೋನಿಗೆ ವಿಲ್ ಪವರ್ ಇಲ್ಲ ಅಂತ ಯಾರೂ ಅನ್ನಲ್ಲ, ಇದಕ್ಕೆ ಮಾತ್ರ ಮಾತ್ರೆ ತಗೊಂಡ್ರೆ ನಾಚಿಕೆ. ಮಾತ್ರೆಗಳನ್ನ ಡಾಕ್ಟರ್ ಕೇಳಿಯೇ ತಗೊಳ್ಳಿ. 2 ಮಿಲಿಗ್ರಾಂ ಗಮ್ ಮೆಡಿಕಲ್ ಸ್ಟೋರಲ್ಲಿ ಚೀಟಿ ಇಲ್ಲದೆ ಸಿಗುತ್ತೆ.

ಗಮ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ "ತಗೊಂಡು ನೋಡ್ದೆ ಗುರು, ಏನೂ ಆಗಲಿಲ್ಲ" ಅನ್ನೋರಲ್ಲಿ ಅರ್ಧ ಜನ ಅದನ್ನ ಬಬಲ್‌ಗಮ್ ಥರ ಅಗಿದಿರ್ತಾರೆ. ಅದನ್ನ ನಿಧಾನಕ್ಕೆ ನಾಲ್ಕೈದು ಸಲ ಅಗೀಬೇಕು, ಮೆಣಸಿನ ಖಾರದಂಥ ರುಚಿ ಬಂದ ತಕ್ಷಣ ನಿಲ್ಲಿಸಿ ಕೆನ್ನೆಯ ಒಳಗೆ ಒತ್ತಿ ಇಟ್ಕೊಬೇಕು, ಎಲೆ ಅಡಿಕೆ ಇಟ್ಕೊಂಡ ಹಾಗೆ. ರುಚಿ ಹೋದ ಮೇಲೆ ಮತ್ತೆ ಅಗಿಯೋದು. ಹೀಗೆ ಅರ್ಧ ಗಂಟೆ. ನಿಕೋಟಿನ್ ಒಳಗೆ ಹೋಗೋದು ಬಾಯಿಯ ಒಳಚರ್ಮದಿಂದ. ನುಂಗಿದ್ರೆ ಬಿಕ್ಕಳಿಕೆ, ಹೊಟ್ಟೆ ಉರಿ ಅಷ್ಟೇ. ಅದಕ್ಕೂ ಮುಂಚಿನ ಕಾಲು ಗಂಟೇಲಿ ಕಾಫಿ ಕುಡೀಬಾರದು, ಬಾಯಿ ಹುಳಿಯಾದ್ರೆ ಹೀರ್ಕೊಳ್ಳಲ್ಲ. ಕಾಫಿ ಜೊತೆಗೇ ಗಮ್ ಹಾಕ್ಕೊಂಡು ಕೆಲಸ ಮಾಡಲಿಲ್ಲ ಅಂದ್ರೆ ಗಮ್ ಏನು ಮಾಡುತ್ತೆ? ಕಾಫಿಯ ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಸಿಗರೇಟಿನ ಹೊಗೆ ಲಿವರನ್ನ ಚುರುಕು ಮಾಡಿ ಕೆಫೀನನ್ನ ಬೇಗ ಕರಗಿಸುತ್ತೆ. ಸಿಗರೇಟು ನಿಲ್ಲಿಸಿದ ಮೇಲೆ ಅದೇ ಐದು ಲೋಟ ಕಾಫಿ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತೆ. ಕೈ ನಡುಕ, ನಿದ್ದೆ ಇಲ್ಲ, ಸಿಡಿಮಿಡಿ, ಇದೆಲ್ಲ ಸಿಗರೇಟು ಬಿಟ್ಟಿದ್ದಕ್ಕೇ ಅಂದ್ಕೊಂಡು ಮತ್ತೆ ಹಚ್ಚಿದವರು ಎಷ್ಟೋ ಜನ. ಕಾಫಿ ಅರ್ಧಕ್ಕೆ ಇಳಿಸಿ ನೋಡಿ.

ಫೋನ್ ಮಾಡಬೇಕು ಅಂದ್ರೆ ನಂಬರ್ ಪ್ಯಾಕಿನ ಮೇಲೇ ಇದೆ, 2018ರಿಂದ ಅಚ್ಚು ಹಾಕ್ತಿದ್ದಾರೆ: 1800-11-2356. ದುಡ್ಡು ಬೀಳಲ್ಲ. ಕನ್ನಡದಲ್ಲೂ ಮಾತಾಡ್ತಾರೆ, ದಕ್ಷಿಣದ ಭಾಷೆಗಳ ಕರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ಇದೆ. ಪ್ಯಾಕ್ ಕೊಳ್ಳದೆ ಬಿಡಿ ಕೊಳ್ಳೋನಿಗೆ ಈ ನಂಬರೂ ಕಾಣಲ್ಲ ಅನ್ನೋದು ಬೇರೆ ವಿಷಯ, ಅದಕ್ಕೇ ಇಲ್ಲಿ ಬರೆದೆ. ನಿಮ್ಹಾನ್ಸಲ್ಲಿ 2002ರಲ್ಲೇ ತಂಬಾಕು ಬಿಡಿಸೋ ಕ್ಲಿನಿಕ್ ಶುರುವಾಗಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಆಯ್ತು, ಜಿಮ್ ಟ್ರೈನರ್ ಹೆಸರು ಗೊತ್ತಿರೋ ನಮ್ಮ ಗೆಳೆಯರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆ?

ನಾನು ಕೆಲಸ ಮಾಡಿದ ಮೂರು ಕಂಪನಿಗಳ ಇನ್ಶೂರೆನ್ಸಲ್ಲೂ ಬೈಪಾಸ್ ಆಪರೇಷನ್‌ಗೆ ಲಕ್ಷಗಟ್ಟಲೆ ಕೊಡ್ತಾರೆ, ಮೂರು ತಿಂಗಳ ಗಮ್‌ಗೆ ಒಂದು ರೂಪಾಯಿ ಇಲ್ಲ. ಹೊಸ ವರ್ಷದ ಟೌನ್‌ಹಾಲಲ್ಲಿ ಕೈ ಎತ್ತಿ ಇದನ್ನ ಕೇಳಿ. ಜನವರಿ ಒಂದರ ಶಪಥಕ್ಕಿಂತ ಅದು ಉಪಯೋಗ. ಶಪಥದ ವಿಷಯ ಬಂತಲ್ಲ, ಎಡವಿದೋರಲ್ಲಿ ಬಹಳ ಜನ "ಇನ್ನು ಯುಗಾದಿಗೆ ಬಿಡ್ತೀನಿ, ಹುಟ್ಟಿದಬ್ಬಕ್ಕೆ ಬಿಡ್ತೀನಿ" ಅಂತ ಮುಹೂರ್ತ ನೋಡ್ತಾರೆ. ವ್ರತಕ್ಕೆ ಮುಹೂರ್ತ ಬೇಕು, ಚಿಕಿತ್ಸೆಗೆ ಬೇಡ. ಮುವತ್ತರ ಆಸುಪಾಸಲ್ಲಿ ಇರೋರಿಗೆ ಒಂದು ಅಂಕಿ ಕೊಡ್ತೀನಿ. ಬ್ರಿಟನ್ನಿನ ಡಾಕ್ಟರುಗಳನ್ನೇ ಐವತ್ತು ವರ್ಷ ಹಿಂಬಾಲಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರು 2004ರಲ್ಲಿ ಕೊಟ್ಟ ಲೆಕ್ಕ ಇದು: ಸೇದ್ತಾ ಹೋದವರು ಸರಾಸರಿ 10 ವರ್ಷ ಮುಂಚೆ ಸತ್ತರು. 30ರಲ್ಲಿ ಬಿಟ್ಟವರಿಗೆ ಹೆಚ್ಚುಕಮ್ಮಿ ಆ 10 ವರ್ಷವೂ ವಾಪಸ್ ಸಿಕ್ಕಿತು, 40ರಲ್ಲಿ ಬಿಟ್ಟವರಿಗೆ 9, 50ಕ್ಕೆ 6, 60ಕ್ಕೂ 3.

ಚಿಕ್ಕಪ್ಪನ ಮಗ ಈಗ ಮತ್ತೆ ಬಿಟ್ಟಿದ್ದಾನೆ, ಹನ್ನೊಂದು ದಿನ ಆಯ್ತು. ಪಾಯಿಂಟ್ ಬದಲಾಯಿಸಿದ್ದಾನೆ. ಜೇಬಲ್ಲಿ ಗಮ್ಮು, ಡಬ್ಬೀಲಿ ಎರಡನೇ ಊಟ, ಮೂರು ಗಂಟೆಗೆ ಗೇಟಿನ ಹೊರಗೆ ಹೋಗದೆ ಒಳಗಿನ ಕ್ಯಾಂಟೀನು. ಚಿಕ್ಕಮ್ಮನಿಗೆ ನಾನೇ ಹೇಳಿದ್ದೀನಿ, ಅಂಗಿ ಮೂಸಬೇಡ, ಅವನೇ ಹೇಳ್ತಾನೆ, ಹೇಳಿದ್ರೆ ಬೈಬೇಡ ಅಂತ. "ಬೈಯ್ಯದೆ ಹೆಂಗೋ ಇರೋದು?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಗಮ್ಮು ಇಲ್ಲಿ ಅಂಗಡೀಲಿ ಸಿಗ್ತಿಲ್ಲವಂತೆ, ಬರೋವಾಗ ಬೆಂಗಳೂರಿಂದ ಎರಡು ಡಬ್ಬಿ ತಗೊಂಬಾ" ಅಂದಳು.